ಹೇಂಟೆಯ ಹೊಟ್ಟೆ ಊದಿದಾಗ

ಕೇಳುಗರೇ, ನಮಸ್ಕಾರ.

ನಮ್ಮ ಮನೆಯಲ್ಲಿ ಕೆಂಪಿ ಅಂತ ಒಂದು ಹೇಂಟೆ ಇದ್ದಳು. ಮೊಟ್ಟೆಗೆಂದೇ ಸಾಕುವ ಕಂದು ಬಣ್ಣದ ಬಿವಿ 380 ತಳಿ. ಮರಿಯಾಗಿ ಬಂದವಳು, ಎರಡು ವರ್ಷ ಹೆಚ್ಚುಕಮ್ಮಿ ದಿನಾ ಮೊಟ್ಟೆ ಇಟ್ಟಳು. ಮೂರನೇ ವರ್ಷ ದೀಪಾವಳಿ ಹೊತ್ತಿಗೆ ಮೊಟ್ಟೆ ನಿಂತಿತು. ಮೈ ಮಾತ್ರ ತುಂಬಿಕೊಂಡ ಹಾಗೆ ಕಾಣುತ್ತಿತ್ತು. "ಚೆನ್ನಾಗಿ ಕೊಬ್ಬಿದೆ ಬಿಡು" ಅಂದರು ನಮ್ಮತ್ತೆ. ನಾನೂ ಹಾಗೇ ಅಂದುಕೊಂಡೆ. ಒಂದು ಬೆಳಿಗ್ಗೆ ಗೂಡಿನ ಬಾಗಿಲು ತೆಗೆದೆ. ಉಳಿದವೆಲ್ಲ ದಡಬಡ ಹೊರಗೆ ಬಂದವು. ಕೆಂಪಿ ಕಾಲು ಅಗಲಿಸಿಕೊಂಡು, ಬಾತುಕೋಳಿ ಹಾಗೆ ಆ ಕಡೆ ಈ ಕಡೆ ವಾಲುತ್ತಾ ಬಂದಳು. ಎತ್ತಿಕೊಂಡು ಹೊಟ್ಟೆ ಕೆಳಗೆ ಕೈ ಇಟ್ಟೆ. ನೀರು ತುಂಬಿದ ಬಲೂನು ಮುಟ್ಟಿದ ಹಾಗಾಯಿತು.

ಅದು ಒಂದು ದಿನದಲ್ಲಿ ತುಂಬಿದ್ದಲ್ಲ. ಎಷ್ಟೋ ವಾರದಿಂದ ತುಂಬುತ್ತಾ ಬಂದಿತ್ತು. ನಾನು ದಿನಾ ಕಾಳು ಹಾಕುತ್ತಿದ್ದೆ, ದಿನಾ ನೋಡುತ್ತಿದ್ದೆ, ಆದರೂ ತಿಳಿಯಲಿಲ್ಲ. ಕೋಳಿ ತನ್ನ ಕಾಯಿಲೆಯನ್ನು ಬಚ್ಚಿಡುತ್ತದೆ. ಸೋತು ಕೂತದ್ದು ಕಂಡರೆ ಜೊತೆಯವೇ ಕುಕ್ಕುತ್ತವೆ, ಹದ್ದಿನ ಕಣ್ಣೂ ಅದರ ಮೇಲೇ ಬೀಳುತ್ತದೆ. ಅದಕ್ಕೇ ಕೈಲಾಗದಿದ್ದರೂ ಮೇಯುತ್ತಿರುವ ಹಾಗೆ ನೆಲ ಕುಕ್ಕುತ್ತಿರುತ್ತದೆ. ಊದಿದ ಹೊಟ್ಟೆಯನ್ನು ಪುಕ್ಕ ಮುಚ್ಚಿರುತ್ತದೆ. ಅದಕ್ಕೆ ಕಣ್ಣಿಗಿಂತ ಕೈ ಮುಖ್ಯ.

ಕೈ ಇಡುವುದು ಹೇಗೆ? ಕತ್ತಲಾಗಿ ಕೋಳಿಗಳು ಗೂಡಿನಲ್ಲಿ ಕೂತ ಮೇಲೆ ಹೋಗಿ. ಆಗ ಓಡುವುದಿಲ್ಲ, ಗಲಾಟೆ ಇಲ್ಲ. ಎದೆಯ ನಡುವೆ ಉದ್ದಕ್ಕೆ ಒಂದು ಮೂಳೆ ಸಿಗುತ್ತದೆ. ಅದು ಮುಗಿದಲ್ಲಿಂದ ಬಾಲದ ಕಡೆಗೆ ಬೆರಳು ಸರಿಸಿ. ಮೊಟ್ಟೆ ಬರುವ ದ್ವಾರದ ಎರಡೂ ಪಕ್ಕ ಎರಡು ಸಣ್ಣ ಮೂಳೆ ತುದಿ ಸಿಗುತ್ತವೆ. ಎದೆಮೂಳೆ ಮುಗಿದಲ್ಲಿಂದ ಈ ತುದಿಗಳವರೆಗಿನ ಜಾಗವೇ ಹೊಟ್ಟೆ. ಮೊಟ್ಟೆ ಇಡುತ್ತಿರುವ ಹೇಂಟೆಗೆ ಇಲ್ಲಿ ಮೂರು ನಾಲ್ಕು ಬೆರಳಿನಷ್ಟು ಜಾಗ ಇರುತ್ತದೆ, ಮೆತ್ತಗಿರುತ್ತದೆ. ಮೊಟ್ಟೆ ನಿಲ್ಲಿಸಿದ ಹೇಂಟೆಗೆ ಅದು ಕಿರಿದಾಗುತ್ತದೆ. ಮೊಟ್ಟೆ ನಿಂತೂ ಹೊಟ್ಟೆ ದೊಡ್ಡದಾಗುತ್ತಿದೆ ಅಂದರೆ ಏನೋ ಸರಿಯಿಲ್ಲ. ಆರೋಗ್ಯವಾಗಿರುವ ನಾಲ್ಕು ಕೋಳಿಯ ಹೊಟ್ಟೆ ಮುಟ್ಟಿ ಗೊತ್ತಿದ್ದರೆ ಐದನೆಯದರ ತೊಂದರೆ ತಾನಾಗಿ ತಿಳಿಯುತ್ತದೆ. ಹಾಗೇ ಎದೆಮೂಳೆಯನ್ನೂ ಸವರಿ ನೋಡಿ. ಕೆಂಪಿಯ ಹೊಟ್ಟೆ ತುಂಬಿತ್ತು, ಎದೆಮೂಳೆ ಮಾತ್ರ ಚಾಕುವಿನ ಅಂಚಿನ ಹಾಗೆ ಚೂಪಾಗಿತ್ತು. ಮಾಂಸವೆಲ್ಲ ಕರಗಿಹೋಗಿತ್ತು. ತೂಕ ಹಾಕಿದರೆ ಎರಡು ಕೆಜಿ ಹತ್ತಿರ, ಮೊದಲಿನಷ್ಟೇ. ಇಳಿದ ಮೈಯ ಲೆಕ್ಕವನ್ನು ನೀರು ತುಂಬಿಕೊಟ್ಟಿತ್ತು.

ಇನ್ನೊಂದು ಮಾತು. ಸಂಜೆ ಹೊತ್ತು ಕತ್ತಿನ ಬುಡದಲ್ಲಿ, ಎದೆಯ ಮೇಲೆ ಉಂಡೆಯಾಗಿ ಕಾಣುವುದು ಹೊಟ್ಟೆಯಲ್ಲ, ಮೇವಿನ ಚೀಲ. ಬೆಳಿಗ್ಗೆ ಹೊತ್ತಿಗೆ ಅದು ಖಾಲಿಯಾಗಿರಬೇಕು. ಖಾಲಿಯಾಗದಿದ್ದರೆ ಅದು ಬೇರೆಯದೇ ತೊಂದರೆ.

ಕೈಗೆ ಗಟ್ಟಿಯಾಗಿ, ದ್ವಾರದ ಹತ್ತಿರವೇ ಮೊಟ್ಟೆ ಆಕಾರ ಸಿಕ್ಕಿದರೆ, ಕೋಳಿ ಬಾಲ ಕುಣಿಸುತ್ತಾ ತಿಣುಕುತ್ತಿದ್ದರೆ, ಮೊಟ್ಟೆ ಸಿಕ್ಕಿಕೊಂಡಿದೆ ಅಂತ ಅನುಮಾನ ಪಡಬೇಕು. ಅಕ್ಕಿ, ರಾಗಿ ಮಾತ್ರ ತಿಂದು ಸುಣ್ಣದ ಅಂಶ ಸಾಲದ ಕೋಳಿಗಳಿಗೆ, ಹೊಸದಾಗಿ ಮೊಟ್ಟೆ ಶುರು ಮಾಡಿದ ಮರಿ ಹೇಂಟೆಗಳಿಗೆ ಇದು ಆಗುವುದುಂಟು. ಒಂದು ಬಕೆಟ್ಟಿನಲ್ಲಿ ಮುಂಗೈಗೆ ಹಿತವಾಗಿ ತಾಗುವಷ್ಟು ಬೆಚ್ಚಗಿನ ನೀರು ಹಾಕಿ, ಹೊಟ್ಟೆ ಮುಳುಗುವ ಹಾಗೆ ಇಪ್ಪತ್ತು ನಿಮಿಷ ಕೂರಿಸಿ. ಆಮೇಲೆ ಚೆನ್ನಾಗಿ ಒರೆಸಿ, ಬೆಚ್ಚಗಿನ ಕತ್ತಲೆ ಜಾಗದಲ್ಲಿ ಒಂದು ಮಂಕರಿ ಮುಚ್ಚಿ ಸುಮ್ನೆ ಬಿಡಿ. ಎಷ್ಟೋ ಸಲ ಅಷ್ಟರಲ್ಲೇ ಮೊಟ್ಟೆ ಬಂದುಬಿಡುತ್ತದೆ. ಹಿಸುಕಬೇಡಿ. ಒಳಗೇ ಒಡೆದರೆ ಚಿಪ್ಪಿನ ಚೂರು ಮೊಟ್ಟೆಯ ದಾರಿಯನ್ನು ಕೊಯ್ಯುತ್ತದೆ. ಕೆಲವು ಗಂಟೆಯಲ್ಲಿ ಬರದಿದ್ದರೆ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು, ನಾಳೆಗೆ ಇಡುವ ಕೆಲಸ ಅಲ್ಲ.

ನೀರು ತುಂಬಿದ ಹೊಟ್ಟೆ ಇದಕ್ಕಿಂತ ಕಷ್ಟದ ವಿಷಯ. ನೀರು ಅನ್ನುವುದು ರೋಗದ ಹೆಸರಲ್ಲ. ಒಳಗೆ ಬೇರೆ ಏನೋ ಕೆಟ್ಟಿದೆ ಅನ್ನುವುದರ ಗುರುತು. ಯಕೃತ್ತು ಸೋತರೂ ನೀರು ಸೇರುತ್ತದೆ, ಹೃದಯ ಸೋತರೂ ಸೇರುತ್ತದೆ. ಬೇಗ ಬೆಳೆಯುವ ಬಾಯ್ಲರ್ ಕೋಳಿಯಲ್ಲಿ ಇದಕ್ಕೆ ಹೃದಯದ ಸುಸ್ತೇ ಹೆಚ್ಚಾಗಿ ಕಾರಣ. ಮೊಟ್ಟೆ ಕೋಳಿಯಲ್ಲಿ ಮಾತ್ರ ಮೊಟ್ಟೆಯ ದಾರಿಯನ್ನೇ ಮೊದಲು ಅನುಮಾನಿಸಬೇಕು. ಅಂಡಾಶಯದಿಂದ ಬಿಡುಗಡೆಯಾದ ಹಳದಿಯನ್ನು ಒಂದು ಆಲಿಕೆಯಂಥ ಬಾಯಿ ಹಿಡಿದು ಒಳಗೆ ಎಳೆದುಕೊಳ್ಳುತ್ತದೆ. ಎರಡಡಿ ಉದ್ದದ ಆ ದಾರಿಯಲ್ಲಿ ಬಿಳಿ, ಪೊರೆ, ಚಿಪ್ಪು ಕೂಡಿ, ಸುಮಾರು 25 ಗಂಟೆಯಲ್ಲಿ ಮೊಟ್ಟೆಯಾಗಿ ಹೊರಗೆ ಬರುತ್ತದೆ. ಒಮ್ಮೊಮ್ಮೆ ಆ ಬಾಯಿಗೆ ಹಳದಿ ಸಿಗುವುದಿಲ್ಲ. ಅದು ಹೊಟ್ಟೆಯೊಳಗೆ ಬಿದ್ದುಬಿಡುತ್ತದೆ. ಸ್ವಲ್ಪವಾದರೆ ಮೈ ಹೀರಿಕೊಳ್ಳುತ್ತದೆ. ಮತ್ತೆ ಮತ್ತೆ ಬಿದ್ದರೆ, ಅದಕ್ಕೆ ಇ. ಕೋಲೈಯಂಥ ರೋಗಾಣು ಸೇರಿಕೊಂಡರೆ, ಒಳಗೆಲ್ಲ ಉರಿಯೂತ. ಅಂಡಾಶಯದ ಗಡ್ಡೆಯೂ ಇರಬಹುದು. ಹೆಂಗಸರ ಅಂಡಾಶಯದ ಕ್ಯಾನ್ಸರ್ ಅರ್ಥ ಮಾಡಿಕೊಳ್ಳಲು ವಿಜ್ಞಾನಿಗಳು ಮೊಟ್ಟೆ ಕೋಳಿಯನ್ನೇ ಅಭ್ಯಾಸ ಮಾಡುತ್ತಾರೆ, ಯಾಕೆಂದರೆ ಅದರಲ್ಲಿ ಈ ಕಾಯಿಲೆ ತಾನಾಗಿಯೇ ಅಷ್ಟು ಬರುತ್ತದೆ. ಇದರ ಮೂಲವಾದ ಕಾಡುಕೋಳಿ ಒಂದು ಸಲಕ್ಕೆ ಐದಾರು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ. ನಾವು ಬೆಳೆಸಿದ ತಳಿ ವರ್ಷಕ್ಕೆ 300ರ ಹತ್ತಿರ ಇಡುತ್ತದೆ. ಆ ಪುಟ್ಟ ಮೈಗೆ ಅದೇನು ಸಣ್ಣ ಕೆಲಸವಲ್ಲ, ಅಲ್ವಾ?

ಕೆಂಪಿಯನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಪಶು ಆಸ್ಪತ್ರೆಗೆ ಹೋದೆ. ಡಾಕ್ಟರು ಅವಳನ್ನು ಅಂಗಾತ ಮಲಗಿಸಲಿಲ್ಲ. ಕಾರಣ ಹೇಳಿದರು. ನಮಗೆ ಎದೆಗೂ ಹೊಟ್ಟೆಗೂ ನಡುವೆ ಒಂದು ಪರದೆ ಇದೆ, ಕೋಳಿಗೆ ಅಂಥ ಪರದೆ ಇಲ್ಲ. ಹೊಟ್ಟೆಯ ನೀರು ನೇರವಾಗಿ ಉಸಿರಿನ ಚೀಲಗಳನ್ನೇ ಒತ್ತುತ್ತದೆ. ಅಂಗಾತ ಹಾಕಿದರೆ, ಹೊಟ್ಟೆ ಅಮುಕಿದರೆ, ಕೈಯಲ್ಲೇ ಉಸಿರು ಕಟ್ಟಿ ಸಾಯಬಹುದು. ನಿಂತ ಹಾಗೇ ಹಿಡಿದುಕೊಂಡೆ. ಸ್ಪಿರಿಟ್ಟಿನಲ್ಲಿ ಒರೆಸಿ, ಸೂಜಿ ಹಾಕಿ, ನಿಧಾನವಾಗಿ ಒಂದು ಲೋಟದಷ್ಟು ನೀರು ತೆಗೆದರು. ಮಾಸಲು ಹಳದಿ ಬಣ್ಣ, ನಡುವೆ ಮೊಟ್ಟೆಯ ಹಳದಿಯ ಚೂರುಗಳು. ಪೂರ್ತಿ ತೆಗೆಯಲಿಲ್ಲ. ಒಂದೇ ಸಲ ಎಲ್ಲ ತೆಗೆದರೆ ರಕ್ತದ ಒತ್ತಡ ಕುಸಿಯುತ್ತದಂತೆ. ಇದನ್ನು ವಿಡಿಯೋ ನೋಡಿಕೊಂಡು ಮನೆಯಲ್ಲಿ ಮಾಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಸೂಜಿ ಕರುಳಿಗೆ ತಾಗಿದರೆ ಮುಗಿಯಿತು. ಉಳಿದಿದ್ದ ಯಾವುದೋ ಮಾತ್ರೆಯನ್ನು ಅರ್ಧ ಮಾಡಿ ಹಾಕುವುದೂ ಬೇಡ. ಔಷಧಿ ಕೊಟ್ಟ ಕೋಳಿಯ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದು ಅಂತಲೂ ಡಾಕ್ಟರನ್ನೇ ಕೇಳಿ. ಹಾಗೇ, ಒಂದರ ಹಿಂದೆ ಒಂದು ಕೋಳಿ ಮಂಕಾದರೆ, ಸತ್ತರೆ, ಅದು ಅಂಟುರೋಗ ಇರಬಹುದು. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟದೆ ತಕ್ಷಣ ಪಶು ಇಲಾಖೆಗೆ ತಿಳಿಸಿ.

ಮನೆಯಲ್ಲಿ ನಮ್ಮ ಕೈಲಾಗುವುದೂ ಇದೆ. ಎತ್ತರದ ಕೋಲು ತೆಗೆದು ಹುಲ್ಲು ಹಾಸಿದ ತಗ್ಗು ಜಾಗ ಮಾಡಿಕೊಡಿ. ಹಿಂದೆ ಅಂಟಿದ ಹಿಕ್ಕೆಯನ್ನು ಬೆಚ್ಚಗಿನ ನೀರಲ್ಲಿ ತೊಳೆದು ಒಣಗಿಸಿ, ಇಲ್ಲವಾದರೆ ನೊಣ ಕೂತು ಹುಳ ಬೀಳುತ್ತದೆ. ಉಳಿದ ಕೋಳಿಗಳಿಗೆ ಲೇಯರ್ ಫೀಡ್, ಅಂದರೆ ಮೊಟ್ಟೆ ಕೋಳಿಗೆಂದೇ ಮಾಡಿದ ಮೇವು ಹಾಕಿ. ಕಪ್ಪೆಚಿಪ್ಪಿನ ಪುಡಿ ಬೇರೆ ಬಟ್ಟಲಲ್ಲಿ ಇಡಿ, ಬೇಕಾದಷ್ಟು ತಾವೇ ತಿನ್ನುತ್ತವೆ. ಗೂಡಿನಲ್ಲಿ ರಾತ್ರಿ ಬಲ್ಬು ಉರಿಸಬೇಡಿ. ದಿನಕ್ಕೆ 14ರಿಂದ 16 ಗಂಟೆ ಬೆಳಕು ಬಿದ್ದರೆ ಮೊಟ್ಟೆಯ ಓಟ ನಿಲ್ಲುವುದೇ ಇಲ್ಲ. ಫಾರಂನವರು ಬಲ್ಬು ಹಾಕುವುದು ಅದಕ್ಕೇ. ಮನೆಯ ಕೋಳಿಗೆ ಬಿಡುವು ಬೇಕು.

ಕೆಂಪಿ ಆ ಸಂಜೆಯೇ ಹಿತ್ತಲಿನ ತೆಂಗಿನ ಬುಡದಲ್ಲಿ ಮಣ್ಣು ಕೆದರಿ ಮೈಮೇಲೆ ಎರಚಿಕೊಂಡಳು. ಎಷ್ಟೋ ದಿನದಿಂದ ಅದನ್ನು ಬಿಟ್ಟಿದ್ದಳು. ಆದರೆ ನೀರು ಮತ್ತೆ ತುಂಬಿತು. ಹೆಚ್ಚಿನ ಸಲ ತುಂಬುತ್ತದೆ, ಇದನ್ನು ಮುಚ್ಚಿಡದೆ ಹೇಳಬೇಕು. ಇನ್ನೆರಡು ಸಲ ತೆಗೆಸಿದೆವು. ಮಧ್ಯದ ದಿನಗಳು ಮೂರು ವಾರದಿಂದ ಒಂದು ವಾರಕ್ಕೆ ಇಳಿದವು. ಬಾಯಿ ತೆರೆದು ಉಸಿರಾಡತೊಡಗಿದಳು, ಜುಟ್ಟು ನೀಲಿ ತಿರುಗಿತು, ಅಂಗೈಯಲ್ಲಿಟ್ಟ ಕಡಲೆಯನ್ನೂ ಮುಟ್ಟಲಿಲ್ಲ. ನೋವಿಲ್ಲದೆ ಮುಗಿಸಿ ಅಂತ ಡಾಕ್ಟರಿಗೆ ನಾನೇ ಹೇಳಿದೆ. ಹೇಳುವಾಗ ಗಂಟಲು ಕಟ್ಟಿತು. ಅದು ಸರಿಯಾದ ಮಾತೇ ಆಗಿತ್ತು ಅಂತ ಇವತ್ತಿಗೂ ನನಗೆ ಅನ್ನಿಸುತ್ತದೆ.

ಈಗ ನಮ್ಮ ಗೂಡಿನಲ್ಲಿ ಆರು ಹೇಂಟೆ ಇವೆ. ಪ್ರತಿ ಭಾನುವಾರ ರಾತ್ರಿ ಟಾರ್ಚು ಹಿಡಿದು ಹೋಗುತ್ತೇನೆ. ಒಂದೊಂದರ ಹೊಟ್ಟೆ ಎಷ್ಟು ಬೆರಳು, ಎದೆಮೂಳೆ ಹೇಗಿದೆ ಅಂತ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. ಹತ್ತು ನಿಮಿಷದ ಕೆಲಸ. ಹೋದ ವಾರ ಬಿಳಿ ಹೇಂಟೆಯದು ಮೂರಿದ್ದದ್ದು ನಾಲ್ಕು ಬೆರಳಾಗಿದೆ. ಮೆತ್ತಗಿದೆ, ಮೊಟ್ಟೆ ಇಡುತ್ತಿದೆ, ಮೇವು ಚೆನ್ನಾಗಿದೆ. ಆದರೂ ಈ ಭಾನುವಾರ ಮೊದಲು ಅವಳನ್ನೇ ಎತ್ತಿಕೊಳ್ಳುತ್ತೇನೆ.

ನಮಸ್ಕಾರ.