ಫಿಸಿಯೋಥೆರಪಿಸ್ಟ್ ಫೋನಿನಲ್ಲಿ, ಮಗು ನಿಮ್ಮ ಕೈಯಲ್ಲಿ

[ದೃಶ್ಯ: ಚಾಪೆಯ ಮೇಲೆ ಅಂಗಾತ ಮಲಗಿ ಕೈಕಾಲು ಆಡಿಸುತ್ತಿರುವ ಮಗು]

ನಮಸ್ಕಾರ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗು, ಹುಟ್ಟಿದ ಕೂಡಲೇ ಅಳದ ಮಗು, ಎನ್‌ಐಸಿಯುನಲ್ಲಿ, ಅಂದ್ರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ವಾರಗಟ್ಟಲೆ ಇದ್ದು ಬಂದ ಮಗು. ಇಂಥ ಮಗುವಿಗೆ ಕತ್ತು ನಿಲ್ಲೋದು ತಡವಾದ್ರೆ ಮನೆಯಲ್ಲಿ ಹೇಳ್ತಾರೆ, "ಇವರಪ್ಪನೂ ಹಾಗೇ, ಎಲ್ಲಾ ತಡ." ದಯವಿಟ್ಟು ಆ ಮಾತು ನಂಬಿ ಕಾಯಬೇಡಿ. ಮಿದುಳು ಭರದಿಂದ ಬೆಳೆಯೋ ಮೊದಲ ವರ್ಷದಲ್ಲೇ ಫಿಸಿಯೋಥೆರಪಿಸ್ಟ್ ನೆರವು ಶುರುವಾಗಬೇಕು.

ವಯಸ್ಸು ಲೆಕ್ಕ ಹಾಕೋದು ಮಾತ್ರ ಸರಿಯಾಗಿರಲಿ. 32 ವಾರಕ್ಕೆ, ಅಂದ್ರೆ ಸುಮಾರು 2 ತಿಂಗಳು ಮೊದಲೇ ಹುಟ್ಟಿದ ಮಗುವಿಗೆ ಇವತ್ತು 5 ತಿಂಗಳಾದ್ರೆ, ಬೆಳವಣಿಗೆ ನೋಡುವಾಗ ಅದಕ್ಕೆ ಸುಮಾರು 3 ತಿಂಗಳು ಅಷ್ಟೇ.

ಹಸುಗೂಸನ್ನ ಎತ್ತಿಕೊಂಡು ವಾರವಾರ ಬಸ್ಸು ಹತ್ತೋದು ಸುಲಭವಲ್ಲ. ಮೊದಲ ತಪಾಸಣೆ ಎದುರಿನಲ್ಲೇ ಆಗಲಿ; ಸ್ನಾಯು ಬಿಗಿಯಾಗಿದೆಯೋ ಸಡಿಲವಾಗಿದೆಯೋ ಅನ್ನೋದು ಮುಟ್ಟಿದರೇ ಗೊತ್ತಾಗೋದು. ಆಮೇಲಿನ ಎಷ್ಟೋ ಕೆಲಸ ವಿಡಿಯೋ ಕಾಲ್‌ನಲ್ಲಿ ಆಗುತ್ತೆ.

[ದೃಶ್ಯ: ಫೋನ್ ಹಿಡಿದ ಕೈ, ಮೇಲಿನಿಂದ]

ಫಿಸಿಯೋ ವಿಡಿಯೋ ಕೇಳಿದ್ರೆ ಹೀಗೆ ತೆಗೀರಿ. ಮಗು ಎಚ್ಚರವಿರಬೇಕು, ಅಳ್ತಿರಬಾರದು. ಬಟ್ಟೆ ಕಡಿಮೆ ಇರಲಿ, ಗಿಲಕಿ ಬೇಡ, ಮಾತಾಡಿಸೋದೂ ಬೇಡ. ಮುಖ, ಕೈ, ಕಾಲು ಎಲ್ಲಾ ಕಾಣೋ ಹಾಗೆ ಮೂರು ನಿಮಿಷ. ಹೆರಿಗೆಗೆ ಡಾಕ್ಟರ್ ಕೊಟ್ಟಿದ್ದ ದಿನದಿಂದ ಎಣಿಸಿ 3ರಿಂದ 5 ತಿಂಗಳ ನಡುವೆ ಮಗುವಿನ ಕತ್ತು, ಮಣಿಕಟ್ಟು, ಪಾದಗಳಲ್ಲಿ ಪುಟ್ಟ ಪುಟ್ಟ ಚಲನೆ ಎಡೆಬಿಡದೆ ಇರುತ್ತೆ. ಹೈಂಜ್ ಪ್ರೆಕ್ಟಲ್ ಅನ್ನೋ ವಿಜ್ಞಾನಿ ಮಕ್ಕಳ ಚಲನೆ ನೋಡೋಕೆ ರೂಪಿಸಿದ ಪರೀಕ್ಷೆಯಲ್ಲಿ ತರಬೇತಾದವರು ಹುಡುಕೋದು ಅದನ್ನೇ. ಅದು ಕಾಣದಿದ್ರೆ ಸೆರೆಬ್ರಲ್ ಪಾಲ್ಸಿ, ಅಂದ್ರೆ ಮಿದುಳಿಗೆ ಆದ ಪೆಟ್ಟಿನಿಂದ ಚಲನೆಗೆ ಬರೋ ತೊಂದರೆಯ ಸಾಧ್ಯತೆ ಹೆಚ್ಚು. ಹಾಗಂತ ಒಂದೇ ವಿಡಿಯೋದಿಂದ ತೀರ್ಮಾನ ಆಗಲ್ಲ.

[ದೃಶ್ಯ: ಅಮ್ಮನ ಎದೆಯ ಮೇಲೆ ಬೋರಲು ಮಲಗಿದ ಮಗು]

ಮಗುವನ್ನ ಮುಟ್ಟೋ ಕೈ ನಿಮ್ಮದೇ. "ಕೈ ಇನ್ನೂ ಸ್ವಲ್ಪ ಸೊಂಟದ ಹತ್ರ ಹಿಡೀರಿ" ಅಂತ ಫಿಸಿಯೋ ಹೇಳ್ತಾರೆ, ನೀವು ಮಾಡ್ತೀರಿ. ಬೇರೆ ಸಲಕರಣೆ ಬೇಡ. ಹಾಲು ಕುಡಿಸುವಾಗ, ಬಟ್ಟೆ ಬದಲಿಸುವಾಗ, ಎತ್ತಿಕೊಳ್ಳುವಾಗ ಅಭ್ಯಾಸ ಆಗ್ತಾನೇ ಇರುತ್ತೆ. ಬೋರಲು ಮಲಗಿಸೋದು ಎಚ್ಚರವಿದ್ದಾಗ, ನೀವು ಪಕ್ಕದಲ್ಲಿದ್ದಾಗ ಮಾತ್ರ. ನಿದ್ದೆ ಅಂಗಾತವೇ. ವಾಕರ್ ಕೊಳ್ಳಬೇಡಿ.

ಕಾಲ್‌ಗೆ ಅಜ್ಜಿಯನ್ನೂ ಕೂರಿಸಿಕೊಳ್ಳಿ. ಎಣ್ಣೆ ನೀವೋರು ಅವರೇ ತಾನೇ? ಕೈಕಾಲು ಜಗ್ಗಬಾರದು ಅನ್ನೋದನ್ನ ಸೊಸೆ ಹೇಳೋದಕ್ಕಿಂತ ಫಿಸಿಯೋ ಹೇಳಿದ್ರೆ ಚೆನ್ನಾಗಿರುತ್ತೆ. "ನೀವು ಹೇಗಿದ್ದೀರಮ್ಮ, ನಿದ್ದೆ ಆಯ್ತಾ?" ಅಂತ ತಾಯಿಯನ್ನ ವಿಚಾರಿಸೋದು ಕೂಡ ಚಿಕಿತ್ಸೆಯ ಭಾಗವೇ ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ಎಷ್ಟೋ ತಾಯಂದಿರು ತಪ್ಪು ತಮ್ಮದೇ ಅಂದುಕೊಂಡು ಒಳಗೊಳಗೇ ಕುಗ್ಗಿರ್ತಾರೆ.

ಫಿಟ್ಸ್ ಬಂದ್ರೆ, ಹಾಲು ಕುಡಿಯುವಾಗ ನೀಲಿಗಟ್ಟಿದ್ರೆ, ಕಲಿತಿದ್ದನ್ನ ಮಗು ಬಿಟ್ಟುಬಿಟ್ರೆ ಫೋನ್ ಬದಿಗಿಡಿ, ನೇರ ಆಸ್ಪತ್ರೆಗೆ ಹೋಗಿ.

ಎಲ್ಲಿಂದ ಶುರು ಮಾಡೋದು? 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಡಿಇಐಸಿ, ಅಂದ್ರೆ ಮಕ್ಕಳ ಬೆಳವಣಿಗೆಯ ತೊಂದರೆಗೆ ಬೇಗನೇ ನೆರವು ಕೊಡೋ ಕೇಂದ್ರಗಳಿವೆ, ಸೇವೆ ಉಚಿತ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನ ಕೇಳಿ. ಹೋಗುವಾಗ ಡಿಸ್ಚಾರ್ಜ್ ಚೀಟಿ ತಗೊಂಡು ಹೋಗಿ, ಮುಂದಿನ ಯಾವ ಭೇಟಿಗಳನ್ನ ಫೋನಿನಲ್ಲೇ ಮಾಡಬಹುದು ಅಂತ ಅಲ್ಲೇ ಕೇಳಿ ಬರೆಸಿಕೊಳ್ಳಿ.