ಬರೆದದ್ದು ಒಂದು, ತಲುಪಿದ್ದು ಇನ್ನೊಂದು

ಕೇಳುಗರೇ, ನಮಸ್ಕಾರ.

ಭತ್ತದ ಬೆಳೆ ಬಿದ್ದಿದೆ. ಭತ್ತದ ಬೆಲೆ ಬಿದ್ದಿದೆ.

ಕಿವಿಗೆ ಎರಡೂ ಬೇರೆ ಅಂತ ತಕ್ಷಣ ಗೊತ್ತಾಗುತ್ತದೆ, ಅಲ್ವಾ? ಒಂದು, ಗಾಳಿಮಳೆಗೆ ಗದ್ದೆಯಲ್ಲಿ ಪೈರು ಮಲಗಿದ ಸುದ್ದಿ. ಇನ್ನೊಂದು ಮಂಡಿಯ ಸುದ್ದಿ. ಆದರೆ ನಮ್ಮಲ್ಲಿ ತುಂಬ ಜನ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುತ್ತಾರೆ. ಅಲ್ಲಿ ಲ, ಳ ಎರಡಕ್ಕೂ ಒಂದೇ 'ಎಲ್' ಒತ್ತುತ್ತೇವೆ. ಯಾವುದು ಬೇಕು ಅಂತ ಫೋನೇ ಊಹಿಸುತ್ತದೆ. ಜನ ಯಾವ ಪದ ಜಾಸ್ತಿ ಬಳಸುತ್ತಾರೆ, ಹಿಂದೆ ಯಾವ ಪದ ಬಂದಿದೆ ಅಂತ ನೋಡಿ ಒಂದನ್ನು ತಂದು ಕೂರಿಸುತ್ತದೆ. ಊರಿನಿಂದ ಅಪ್ಪ 'ಬೆಳೆ' ಅಂದುಕೊಂಡು ಕಳಿಸಿದ ಸಾಲಿನಲ್ಲಿ 'ಬೆಲೆ' ಅಂತ ಓದಿದ ಮಗ, 'ಬೆಲೆ ತಾನೇ, ಮುಂದಿನ ವಾರ ಏರಬಹುದು' ಅಂತ ಸುಮ್ಮನಾದರೆ ಅವನನ್ನು ದೂರುವ ಹಾಗಿಲ್ಲ.

ನನ್ನ ಕಳವಳ ಇರುವುದೇ ಇಲ್ಲಿ. ಕೈತಪ್ಪಿ ಕಾಗುಣಿತ ಕೆಟ್ಟರೆ ಅದು ಕಣ್ಣಿಗೆ ಬೀಳುತ್ತದೆ. ಓದುವವರು ತಾವೇ ಸರಿ ಮಾಡಿಕೊಂಡು ಓದುತ್ತಾರೆ. ಫೋನ್ ತಿದ್ದಿದಾಗ ಹಾಗಲ್ಲ. ಕಾಗುಣಿತ ಸರಿ, ವಾಕ್ಯ ಸರಿ, ಅರ್ಥ ಮಾತ್ರ ಬೇರೆ. ಅನುಮಾನ ಬರುವುದಾದರೂ ಹೇಗೆ?

ವಿಜ್ಞಾನಿಗಳಿಗೂ ಇದರ ಬಿಸಿ ತಟ್ಟಿದೆ. ನಮ್ಮ ದೇಹದ ಒಂದು ಜೀನ್‌ಗೆ, ಅಂದರೆ ವಂಶವಾಹಿಗೆ, 'ಮಾರ್ಚ್1' ಅನ್ನುವ ಹೆಸರಿತ್ತು. ಕಂಪ್ಯೂಟರಿನಲ್ಲಿ ಪಟ್ಟಿ, ಲೆಕ್ಕ ಬರೆದಿಡುವ ಎಕ್ಸೆಲ್‌ನಲ್ಲಿ ಹಾಗೆ ಬರೆದರೆ ಅದು ಮಾರ್ಚ್ ತಿಂಗಳ ಒಂದನೇ ತಾರೀಕಾಗಿಬಿಡುತ್ತಿತ್ತು. ಎಕ್ಸೆಲ್ ಜೀನ್ ಪಟ್ಟಿ ಇರುವ ಸಂಶೋಧನಾ ಲೇಖನಗಳಲ್ಲಿ ಸುಮಾರು ಐದಕ್ಕೊಂದರಲ್ಲಿ ಇಂಥ ತಪ್ಪಿದೆ ಅಂತ 2016ರ ಒಂದು ಅಧ್ಯಯನ ಹೇಳಿತು. ಕೊನೆಗೆ 2020ರಲ್ಲಿ, ಹೆಸರಿಡುವ ಸಮಿತಿ ಇಂಥ ಜೀನ್‌ಗಳ ಹೆಸರುಗಳನ್ನೇ ಬದಲಿಸಿತು. ಮಾರ್ಚ್1 ಈಗ 'ಮಾರ್ಚ್‌ಎಫ್1'.

ಜೀನ್‌ಗೆ ಬೇರೆ ಹೆಸರಿಡಬಹುದು. ನಾವು ಳ ಬಿಟ್ಟುಕೊಡಲು ಆಗುತ್ತದೆಯೇ? ಯಂತ್ರಕ್ಕೆ ಅನುಕೂಲ ಅಂತ ಮಾತನ್ನು ಸವೆಸುವುದು ನನಗಂತೂ ಒಪ್ಪಿಗೆಯಿಲ್ಲ.

ಮಾಡಬಹುದಾದ ಕೆಲಸ ಇದೆ. ಕನ್ನಡ ಅಕ್ಷರಗಳೇ ಇರುವ ಕೀಬೋರ್ಡ್ ಹಾಕಿಕೊಳ್ಳಿ. ಅಲ್ಲಿ ಲ ಬೇರೆ, ಳ ಬೇರೆ. ಮೊದಮೊದಲು ಕೈ ನಿಧಾನವಾಗುತ್ತದೆ, ಆಮೇಲೆ ಪಳಗುತ್ತದೆ. ಮನೆಯವರ ಹೆಸರು, ಊರಿನ ಹೆಸರನ್ನು ಫೋನಿನ ಸ್ವಂತ ಪದಪಟ್ಟಿಗೆ ಸೇರಿಸಿ. ತಾನಾಗಿ ತಿದ್ದುವುದು ಬೇಡ ಅಂದರೆ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು. ಹಿರಿಯರಿಗೆ ಅದು ತಿಳಿಯದಿದ್ದರೆ ಪಕ್ಕದಲ್ಲಿ ಕೂತು ಮಾಡಿಕೊಡಿ. ದುಡ್ಡಿನ ವಿಷಯ, ಔಷಧಿಯ ವಿಷಯ ಬರೆದಾಗ ಕಳಿಸುವ ಮೊದಲು ಒಮ್ಮೆ ಜೋರಾಗಿ ಓದಿಕೊಳ್ಳಿ.

ನಮಸ್ಕಾರ.