ಯಾಳಿಯ ಕಣ್ಣು, ಮುಚ್ಚಿಗೆಯ ಗೆರೆ: ವಾದ್ಯಗಳ ಫೋಟೋಕ್ಕೆ ಕ್ಯಾಮೆರಾ ಆರಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯಿಂದ ಹಿಡಿದು ಬದಿಯಡ್ಕ, ಪೆರ್ಲದವರೆಗೆ ನಮ್ಮ ಕಾಸರಗೋಡು ಸೀಮೆಯಲ್ಲಿ ಒಳ್ಳೆಯ ಮದ್ದಳೆ, ಚೆಂಡೆ, ತಲೆಮಾರಿನಿಂದ ಬಂದ ವೀಣೆ ಇರುವ ಮನೆಗಳು ಬೇಕಾದಷ್ಟು ಉಂಟು. ಆ ವಾದ್ಯದ್ದೊಂದು ಸರಿಯಾದ ಫೋಟೋ ಕೊಡಿ ಎಂದರೆ ಸಿಗುವುದು ಆಯುಧಪೂಜೆಯ ದಿನ ಮೊಬೈಲಿನಲ್ಲಿ ತೆಗೆದದ್ದು. ಅದರಲ್ಲಿ ಹೂವಿನ ಹಾರ ಚೆನ್ನಾಗಿ ಕಾಣುತ್ತದೆ, ವಾದ್ಯ ಕಾಣುವುದಿಲ್ಲ.

ಇವತ್ತು ಮಾತಾಡುವುದು ಅಂದದ ಫೋಟೋದ ಬಗ್ಗೆ ಅಲ್ಲ, ಗುರುತಿನ ಫೋಟೋದ ಬಗ್ಗೆ. ವಾದ್ಯ ಕಳವಾದರೆ, ರಿಪೇರಿಗೆ ಹೋಗಿ ಬಂದರೆ, ಅಣ್ಣತಮ್ಮಂದಿರಲ್ಲಿ ಪಾಲಾದರೆ, ಆ ಫೋಟೋ ನೋಡಿ ವಾದ್ಯ ಮಾಡುವವರು ‘ಇದು ಅದೇ’ ಎಂದು ಹೇಳುವಂತಿರಬೇಕು. ಹಲಸಿನ ಮರದ ಎಳೆ ಎರಡು ವಾದ್ಯಗಳಲ್ಲಿ ಒಂದೇ ಥರ ಬರುವುದಿಲ್ಲ. ಅದು ಬೆರಳ ಗುರುತಿನ ಹಾಗೆ. ಅಂಗಡಿಯವರು ಹೇಳುವ ಮೆಗಾಪಿಕ್ಸೆಲ್ ಲೆಕ್ಕ ಈ ಕೆಲಸಕ್ಕೆ ಎಷ್ಟು ಬರುತ್ತದೆ ಎಂದು ಮೊದಲು ನೋಡುವ.

ವೀಣೆಯ ಉದ್ದ ಸುಮಾರು ನಾಲ್ಕು ಅಡಿ. ಎರಡು ಬದಿಗೂ ಸ್ವಲ್ಪ ಜಾಗ ಬಿಟ್ಟರೆ ಚೌಕಟ್ಟಿನೊಳಗೆ 1400 ಮಿ.ಮೀ. ಬರಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರದ ಅಗಲ 6000 ಪಿಕ್ಸೆಲ್. ಅಂದರೆ ವೀಣೆಯ ಒಂದು ಮಿಲಿಮೀಟರಿಗೆ ನಾಲ್ಕು ಚಿಲ್ಲರೆ ಪಿಕ್ಸೆಲ್. ವೀಣೆಯ ಕೊಡದ (ದುಂಡು ಭಾಗದ) ಮೇಲಿನ ಕೂದಲೆಳೆಯಂಥ ಬಿರುಕು 0.2 ಮಿ.ಮೀ. ಇದ್ದರೆ ಅದಕ್ಕೆ ಒಂದು ಪಿಕ್ಸೆಲ್ಲೂ ಪೂರ್ತಿ ಸಿಗಲಿಲ್ಲ. ಹಾಗಾದರೆ 45 ಮೆಗಾಪಿಕ್ಸೆಲ್ ತೆಗೆದುಕೊಳ್ಳುವ ಅಂತೀರಿ. ಅದರ ಅಗಲ ಸುಮಾರು 8250 ಪಿಕ್ಸೆಲ್, ಮಿಲಿಮೀಟರಿಗೆ ಆರರ ಹತ್ತಿರ. ದುಡ್ಡು ಮೂರು ಪಟ್ಟು ಹೋಯಿತು, ಬಿರುಕು ಆಗಲೂ ಕಾಣಲಿಲ್ಲ. ಅದರ ಬದಲು ಹಳೆಯ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲೇ ಹತ್ತಿರ ಹೋಗಿ 20 ಸೆಂ.ಮೀ. ಅಗಲದಷ್ಟೇ ಜಾಗವನ್ನು ಇನ್ನೊಂದು ಫೋಟೋ ತೆಗೆಯಿರಿ: ಮಿಲಿಮೀಟರಿಗೆ 30 ಪಿಕ್ಸೆಲ್! ಬಿರುಕಿನ ಅಂಚು ಕೂಡ ಓದಬಹುದು. ಒಂದು ವೀಣೆಗೆ ಪೂರ್ತಿಯಾಗಿ ನಾಲ್ಕು ಫೋಟೋ, ಹತ್ತಿರದಿಂದ ಹತ್ತು ಹನ್ನೆರಡು ಎಂದು ಇಟ್ಟುಕೊಳ್ಳಿ. ಪುಸ್ತಕದಲ್ಲಿ ಎ4 ಪುಟ ತುಂಬ ಅಚ್ಚು ಹಾಕಲು 9 ಮೆಗಾಪಿಕ್ಸೆಲ್ ಸಾಕು.

ಮೊಬೈಲು ಆಗದೇ ಎಂದರೆ, ಲೆಕ್ಕಕ್ಕೆ ಆಗುತ್ತದೆ, ಗುರುತಿಗೆ ಆಗುವುದಿಲ್ಲ. ಮೊಬೈಲಿನ ಮುಖ್ಯ ಲೆನ್ಸು ಅಗಲ ನೋಟದ್ದು. ಚೌಕಟ್ಟು ತುಂಬಬೇಕೆಂದು ಚೆಂಡೆಯ ಹತ್ತಿರ ಹೋಗುತ್ತೇವೆ; ಎದುರಿನ ಮುಚ್ಚಿಗೆ (ಚರ್ಮದ ಮುಖ) ಪಾತ್ರೆಯಷ್ಟು ದೊಡ್ಡದಾಗಿ, ಹಿಂದಿನದು ಲೋಟದಷ್ಟು ಸಣ್ಣದಾಗಿ ಕಾಣುತ್ತದೆ. ಇದು ಲೆನ್ಸಿನ ತಪ್ಪಲ್ಲ, ನಿಂತ ದೂರದ ತಪ್ಪು. ಮೊಬೈಲಿನಲ್ಲೇ ತೆಗೆಯುವುದಾದರೆ ಎರಡು ಮೀಟರ್ ಹಿಂದೆ ಸರಿದು, ದೂರದ ಲೆನ್ಸು ಇದ್ದರೆ ಅದನ್ನು ಬಳಸಿ. ಎರಡನೆಯ ತೊಂದರೆ ಇನ್ನೂ ಕೆಟ್ಟದ್ದು: ಮೊಬೈಲು ಚರ್ಮದ ಸಣ್ಣ ಸುಕ್ಕನ್ನು ತಾನೇ ನುಣುಪು ಮಾಡುತ್ತದೆ, ಮರದ ಎಳೆಯನ್ನು ತಾನೇ ತೀಡಿ ಇಲ್ಲದ ಗೆರೆ ಮೂಡಿಸುತ್ತದೆ. ಪೋರ್ಟ್ರೇಟ್ ಮೋಡಿನಲ್ಲಿ ವೀಣೆಯ ತಂತಿಗಳು ಅರ್ಧದಲ್ಲೇ ಮಾಯವಾಗುವುದುಂಟು. ನುಣುಪಾದ ಚಿತ್ರ ಮದುವೆಗೆ ಚೆಂದ, ಮದ್ದಳೆಗೆ ಅಲ್ಲ.

ಇನ್ನು ಲೆನ್ಸಿನ ವಿಚಾರ. ಕ್ಯಾಮೆರಾ ಆರಿಸುವುದೆಂದರೆ ಮುಕ್ಕಾಲು ಪಾಲು ಲೆನ್ಸು ಆರಿಸುವುದೇ. ವೀಣೆ ರಿಪೇರಿಯವರು ಮೊದಲು ನೋಡುವುದು ದಂಡಿ (ವೀಣೆಯ ಉದ್ದನೆಯ ಕೋಲು) ಬಾಗಿದೆಯೇ ಎಂದು. ತಂತಿಯ ಎಳೆತಕ್ಕೆ ವರ್ಷಗಟ್ಟಲೆ ಸಿಕ್ಕಿದ ದಂಡಿ ಮೆಲ್ಲನೆ ಬಾಗುತ್ತದೆ. ಕ್ಯಾಮೆರಾದ ಜೊತೆಗೇ ಬರುವ 18–55 ಮಿ.ಮೀ. ಲೆನ್ಸನ್ನು 18ಕ್ಕೆ, ಅಂದರೆ ಅಗಲ ನೋಟದ ತುದಿಗೆ ಇಟ್ಟು ತೆಗೆದರೆ ಚಿತ್ರದ ಅಂಚಿನ ನೇರ ಗೆರೆಗಳೆಲ್ಲ ಹೊರಕ್ಕೆ ಉಬ್ಬುತ್ತವೆ. ನೇರ ಇರುವ ದಂಡಿ ಬಿಲ್ಲಿನ ಹಾಗೆ ಕಾಣುತ್ತದೆ, ಬಾಗಿದ ದಂಡಿ ಇನ್ನೊಂದು ಅಂಚಿಗೆ ಬಿದ್ದರೆ ನೇರವಾಗಿ ಕಂಡೀತು! ಆ ಫೋಟೋ ನೋಡಿ ಹೇಳಿದ ಮಾತಿಗೆ ಅರ್ಥವೇ ಇಲ್ಲ. ಆದ್ದರಿಂದ ಬೇಕಾದ್ದು ಮ್ಯಾಕ್ರೋ ಲೆನ್ಸು. ಹತ್ತಿರದಿಂದ ತೆಗೆಯಲಿಕ್ಕೆ ಮಾತ್ರ ಅಲ್ಲ, ನೇರ ಗೆರೆಯನ್ನು ನೇರವಾಗಿಯೇ ಇಡುವುದರಲ್ಲೂ ಅದು ಮೇಲು. ಅದಕ್ಕೆ ದುಡ್ಡಿಲ್ಲದಿದ್ದರೆ 18–55ನ್ನೇ 55ರ ತುದಿಗೆ ಇಟ್ಟು, ಎಫ್/8ರಲ್ಲಿ (ಇದು ಲೆನ್ಸಿನೊಳಗೆ ಬೆಳಕು ಬರುವ ಕಂಡಿಯ ಅಳತೆ; ಅಂಕೆ ದೊಡ್ಡದಾದಷ್ಟು ಕಂಡಿ ಸಣ್ಣದು), ದಂಡಿಯನ್ನು ಚೌಕಟ್ಟಿನ ನಡುವೆ ಇಟ್ಟು ತೆಗೆಯಿರಿ.

ಎಷ್ಟು ಮಿ.ಮೀ. ಲೆನ್ಸು ಎನ್ನುವುದನ್ನು ಮನೆಯ ಕೋಣೆ ಹೇಳಬೇಕು. ಸಾಮಾನ್ಯ ಎಪಿಎಸ್‌–ಸಿ ಅಳತೆಯ ಸೆನ್ಸರು (ಚಿತ್ರ ಹಿಡಿಯುವ ಫಲಕ) ಇರುವ ಕ್ಯಾಮೆರಾದಲ್ಲಿ ಪೂರ್ತಿ ವೀಣೆ ಬರಬೇಕಾದರೆ 40 ಮಿ.ಮೀ. ಲೆನ್ಸಿಗೆ ಎರಡೂವರೆ ಮೀಟರ್, 60ಕ್ಕೆ ಮೂರೂವರೆಯಿಂದ ನಾಲ್ಕು ಮೀಟರ್, 90ಕ್ಕೆ ಐದೂವರೆ ಮೀಟರ್ ಹಿಂದೆ ನಿಲ್ಲಬೇಕು. ಹತ್ತು ಅಡಿಯ ಕೋಣೆ ಎಂದರೆ ಮೂರು ಮೀಟರ್, ಅದರಲ್ಲಿ ಟ್ರೈಪಾಡಿನ ಹಿಂದಿನ ಕಾಲಿಗೇ ಅರ್ಧ ಮೀಟರ್ ಹೋಗುತ್ತದೆ. ಹಳೆಯ ಮನೆಯ ಚಾವಡಿ ಇದ್ದವರಿಗೆ 60 ಒಳ್ಳೆಯದು. ವೀಣೆಯ ತುದಿಯ ಯಾಳಿಮುಖವನ್ನು (ಸಿಂಹದಂಥ ಕೆತ್ತನೆ) ಹತ್ತಿರದಿಂದ ತೆಗೆಯುವಾಗಲೂ ಅದು ಅರ್ಧ ಮೀಟರ್ ದೂರದಲ್ಲಿ ನಿಲ್ಲಿಸುತ್ತದೆ, ಮೂತಿ ಉಬ್ಬುವುದಿಲ್ಲ, ಲೆನ್ಸಿನ ನೆರಳೂ ಬೀಳುವುದಿಲ್ಲ. ಕ್ಯಾನನಿನ ಇಎಫ್‌–ಎಸ್ 60, ನಿಕಾನಿನ 60 ಮೈಕ್ರೋ (ನಿಕಾನ್ ಮ್ಯಾಕ್ರೋವನ್ನು ಕರೆಯುವುದು ಹೀಗೆ), ಎರಡೂ ಹಳೆಯ ಮಾಲಿನಲ್ಲಿ ಸಿಗುವಂಥವು. ಜಾಗ ಕಡಿಮೆ ಇದ್ದರೆ ನಿಕಾನಿನ 40 ಮೈಕ್ರೋ. ಟಾಮ್ರಾನ್ 90ಕ್ಕೆ ಹೆಸರು ದೊಡ್ಡದು, ಆದರೆ ಅದನ್ನು ಹಿಡಿದುಕೊಂಡು ಅಂಗಳಕ್ಕೆ ಇಳಿಯಬೇಕಾದೀತು.

ಬಾಡಿಯ, ಅಂದರೆ ಲೆನ್ಸು ಬಿಟ್ಟು ಉಳಿದ ಕ್ಯಾಮೆರಾದ ಬಗ್ಗೆ ಹೇಳುವುದು ಸ್ವಲ್ಪವೇ. ನಿಕಾನ್ ಡಿ5300, ಡಿ5600, ಕ್ಯಾನನ್ 200ಡಿ, 80ಡಿ ಇವೆಲ್ಲ 24 ಮೆಗಾಪಿಕ್ಸೆಲ್, ನಾಲ್ಕರಲ್ಲೂ ಪರದೆ ತಿರುಗುತ್ತದೆ. ನೆಲದ ಮೇಲೆ ಮಲಗಿಸಿದ ವಾದ್ಯವನ್ನು ಮೇಲಿನಿಂದ ತೆಗೆಯುವಾಗ ತಿರುಗುವ ಪರದೆ ಇಲ್ಲದಿದ್ದರೆ ಕುತ್ತಿಗೆ ಹೋಗುತ್ತದೆ. ನಿಕಾನಿನ ಆ ಎರಡು ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಒಳಗೆ ಮೋಟಾರ್ ಇಲ್ಲದ ಹಳೆಯ ಎಎಫ್‌–ಡಿ ಲೆನ್ಸು ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕು. ಈ ಕೆಲಸದಲ್ಲಿ ಕೈಯಲ್ಲೇ ಮಾಡುವುದಾದ ಕಾರಣ ಅದು ಕೊರತೆಯಲ್ಲ, ಅಗ್ಗಕ್ಕೆ ಸಿಗುವ ದಾರಿ. ಡಿ5300ರ ಸೆನ್ಸರಿನ ಮುಂದೆ ಚಿತ್ರವನ್ನು ತುಸು ಮಸುಕು ಮಾಡುವ ಸೋಸುಪರದೆ (ಲೋ ಪಾಸ್ ಫಿಲ್ಟರ್) ಇಲ್ಲ. ಚೂಪು ಜಾಸ್ತಿ, ಆದರೆ ಸುತ್ತುತಂತಿಯ ಮೇಲೆ, ಹಿಂದೆ ಹಾಸಿದ ಬಟ್ಟೆಯ ನೇಯ್ಗೆಯ ಮೇಲೆ ಬಣ್ಣದ ಅಲೆಗಳು ಬಂದಾವು. ಬಂದರೆ ಕ್ಯಾಮೆರಾವನ್ನು ಒಂದು ಗೇಣು ಹಿಂದೆ ಮುಂದೆ ಮಾಡಿ, ಇಲ್ಲವೇ ಬಟ್ಟೆ ಬದಲಿಸಿ. ಹತ್ತು ರೂಪಾಯಿ ಇದ್ದರೆ ಮೂರು ಕ್ಯಾಮೆರಾಕ್ಕೆ, ಮೂರು ಲೆನ್ಸಿಗೆ, ಎರಡು ಟ್ರೈಪಾಡಿಗೆ, ಎರಡು ಬೆಳಕಿಗೆ. ಹೆಚ್ಚಿನವರು ಎಂಟು ರೂಪಾಯಿ ಕ್ಯಾಮೆರಾಕ್ಕೇ ಹಾಕಿ, ಟ್ರೈಪಾಡಿನ ಬದಲು ಕುರ್ಚಿಯ ಮೇಲೆ ಮೊಣಕೈ ಊರುತ್ತಾರೆ.

ಮೇಲೆ ಹೇಳಿದ ನಾಲ್ಕರಂತೆ ಒಳಗೆ ಕನ್ನಡಿ ಇರುವ ಕ್ಯಾಮೆರಾದಲ್ಲಿ ಒಂದು ಎಚ್ಚರ. 1/30 ಸೆಕೆಂಡಿನಿಂದ 1 ಸೆಕೆಂಡಿನವರೆಗಿನ ಶಟರಿನಲ್ಲಿ ಕನ್ನಡಿ ಏಳುವ ನಡುಕ ಚಿತ್ರದಲ್ಲಿ ಕಾಣುತ್ತದೆ. ಬೆಳಕು ಕಡಿಮೆ ಮಾಡಿ 2–4 ಸೆಕೆಂಡಿಗೆ ಒಯ್ದರೆ ನಡುಕದ ಪಾಲು ಸಣ್ಣದಾಗಿ ಮಾಸಿಹೋಗುತ್ತದೆ. ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಎಫ್/8, ಎರಡು ಸೆಕೆಂಡಿನ ಟೈಮರ್. ಫ್ಯಾನ್ ಆಫ್. ಅಟ್ಟದ ಹಲಗೆಯ ಮೇಲೆ ಟ್ರೈಪಾಡ್ ಇಡಬೇಡಿ, ಯಾರೋ ಮೆಟ್ಟಿಲು ಹತ್ತಿದರೂ ಅದು ಅಲುಗುತ್ತದೆ. ಮಿರರ್‌ಲೆಸ್ ಕ್ಯಾಮೆರಾದ ಎಲೆಕ್ಟ್ರಾನಿಕ್ ಶಟರಿಗೆ ಈ ನಡುಕ ಇಲ್ಲ. ಆದರೆ ಅಗ್ಗದ ಎಲ್‌ಇಡಿ ದೀಪ ಸೆಕೆಂಡಿಗೆ 100 ಸಲ ಮಿಣುಕುವುದರಿಂದ, ಶಟರ್ ವೇಗ ಹೆಚ್ಚಿದ್ದರೆ ಚಿತ್ರದಲ್ಲಿ ಅಡ್ಡಪಟ್ಟೆ ಬರುತ್ತದೆ.

ಯಾಳಿಮುಖವನ್ನು 15 ಸೆಂ.ಮೀ. ಅಗಲದ ಚೌಕಟ್ಟಿನಲ್ಲಿ ಎಫ್/8ರಲ್ಲಿ ತೆಗೆದರೆ ಸ್ಪಷ್ಟ ಇರುವ ಆಳ ಸುಮಾರು 15 ಮಿ.ಮೀ. ಮಾತ್ರ. ಕಣ್ಣು ಸ್ಪಷ್ಟವಾದರೆ ಮೂತಿ ಮಸುಕು. ಎಫ್/16ಕ್ಕೆ ಹೋದರೆ ಆಳ ಎರಡು ಪಟ್ಟಾಗುತ್ತದೆ, ಆದರೆ ಅಷ್ಟು ಸಣ್ಣ ಕಂಡಿಯಲ್ಲಿ ಬೆಳಕು ಚೆದರಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಎಫ್/11 ದಾಟಬೇಡಿ. ಬದಲಿಗೆ ಪದರ ಪದರವಾಗಿ ತೆಗೆಯಿರಿ: ಪರದೆಯಲ್ಲಿ ದೊಡ್ಡದು ಮಾಡಿ ಮೂತಿಯ ತುದಿಗೆ ಫೋಕಸ್, ಒಂದು ಫೋಟೋ; ಉಂಗುರ ತಿರುಗಿಸಿ ಫೋಕಸ್ ಬೀಳುವ ಜಾಗವನ್ನು 10 ಮಿ.ಮೀ. ಹಿಂದಕ್ಕೆ ಸರಿಸಿ ಇನ್ನೊಂದು. 8 ಸೆಂ.ಮೀ. ಆಳದ ಮುಖಕ್ಕೆ ಎಂಟು ಒಂಬತ್ತು ಫೋಟೋ. ಹೆಲಿಕಾನ್ ಫೋಕಸ್, ಜೆರೀನ್ ಸ್ಟ್ಯಾಕರ್ ಇವನ್ನು ಜೋಡಿಸುತ್ತವೆ. ದುಡ್ಡು ಬೇಡದ್ದು ಎನ್‌ಫ್ಯೂಸ್. ಕ್ಯಾನನ್ ಆರ್‌ಪಿ, ಆರ್10, ನಿಕಾನ್ ಡಿ850ರಂಥವು ಫೋಕಸ್ ಸರಿಸುವ ಕೆಲಸವನ್ನು ತಾವೇ ಮಾಡುತ್ತವೆ. ವರ್ಷಕ್ಕೆ ಐವತ್ತು ವಾದ್ಯ ತೆಗೆಯುವ ಸಂಸ್ಥೆಗೆ ಅದಕ್ಕಾಗಿ ಹೆಚ್ಚು ಕೊಡುವುದು ನ್ಯಾಯ, ಮನೆಯ ಒಂದು ವೀಣೆಗೆ ಬೇಡ.

ಬೆಳಕಿನಲ್ಲಿ ನಮ್ಮ ಊರಿನದೇ ಮೂರು ಮೋಸ ಉಂಟು. ಜಗಲಿಯಲ್ಲಿ ಇಟ್ಟು ತೆಗೆದರೆ ಅಡಿಕೆತೋಟದಿಂದ ಬರುವ ಬೆಳಕು ಹಸಿರು. ನಮ್ಮ ಕಣ್ಣು ಅದಕ್ಕೆ ಒಗ್ಗಿಕೊಳ್ಳುತ್ತದೆ, ಕ್ಯಾಮೆರಾ ಒಗ್ಗಿಕೊಳ್ಳುವುದಿಲ್ಲ. ಒಳಗೆ ರೆಡ್ ಆಕ್ಸೈಡ್ ನೆಲ ವಾದ್ಯದ ತಳಕ್ಕೆಲ್ಲ ಕೆಂಪು ಬಳಿಯುತ್ತದೆ. ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿದರೆ ಹೆಂಚಿನ ಮಾಡು ಅದೇ ಕೆಂಪನ್ನು ಮೇಲಿನಿಂದ ಸುರಿಯುತ್ತದೆ. ಮದ್ದು ಸುಲಭ: ನೆಲಕ್ಕೆ ಬಿಳಿ ಅಥವಾ ಬೂದು ಬಟ್ಟೆ ಹಾಸಿ, ಆಕಾಶ ಕಾಣುವ ಕಿಟಕಿಯ ಬದಿಗೆ ವಾದ್ಯ ಇಡಿ, ಕಿಟಕಿಗೆ ಒಂದು ಬಿಳಿ ಮುಂಡು ಕಟ್ಟಿ, ಎದುರು ಬದಿಗೆ ಮಡಿಸಿದ ಇನ್ನೊಂದು ಮುಂಡು. ಆಟಿ ತಿಂಗಳ ಮೋಡದ ಮಧ್ಯಾಹ್ನಕ್ಕಿಂತ ಒಳ್ಳೆಯ ಬೆಳಕನ್ನು ಯಾವ ಸ್ಟುಡಿಯೋವೂ ಕೊಡಲಾರದು. ಮೊದಲ ಫೋಟೋದಲ್ಲಿ ವಾದ್ಯದ ಪಕ್ಕ ಬೂದು ಕಾರ್ಡು ಮತ್ತು ಅಳತೆಪಟ್ಟಿ ಇರಲಿ. ಜೇಪೆಗ್ ಅಲ್ಲ, ರಾ ಕಡತದಲ್ಲೇ (ಸೆನ್ಸರು ಹಿಡಿದದ್ದನ್ನು ಹಾಗೆಯೇ ಇಡುವ ಕಡತ) ತೆಗೆಯಿರಿ, ಬಣ್ಣವನ್ನು ಆಮೇಲೆ ಆ ಕಾರ್ಡಿನಿಂದ ಸರಿಮಾಡಬಹುದು.

ದೀಪವೇ ಬೇಕಾದರೆ ಸಿಆರ್‌ಐ (ದೀಪ ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ನೂರರಲ್ಲಿ ಕೊಡುವ ಅಂಕ) 95 ದಾಟಿದ ಎಲ್‌ಇಡಿ ತೆಗೆದುಕೊಳ್ಳಿ. ಮನೆಯ ಸಾಮಾನ್ಯ ಬಲ್ಬು 80ರ ಆಸುಪಾಸು. ಅದರಲ್ಲಿ ಗಾಢ ಕೆಂಪಿನ ಪಾಲು ಕಡಿಮೆಯಾದ್ದರಿಂದ ಹಳೆಯ ಹಲಸಿನ ಕೆಂಗಂದು ಸತ್ತುಹೋಗುತ್ತದೆ. ಹ್ಯಾಲೊಜನ್ ದೀಪ ಮಾತ್ರ ಬೇಡವೇ ಬೇಡ. ವೀಣೆಯ 24 ಮೆಟ್ಟಿಲು ನಿಂತಿರುವುದು ಮೇಣದ ಮೇಲೆ. ಹತ್ತಿರದ ಬಿಸಿ ದೀಪಕ್ಕೆ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗಿದರೆ ಫೋಟೋ ಬಂತು, ಶ್ರುತಿ ಹೋಯಿತು. ಚೆಂಡೆಯನ್ನು ಬಿಸಿಲಿಗೆ ಇಟ್ಟು ತೆಗೆಯುವುದೂ ಹಾಗೆಯೇ, ಚರ್ಮ ಬಿಗಿದು ಹರಿದೀತು.

ಹೊಳಪಿನ ವಿಚಾರದಲ್ಲಿ ಎರಡು ಬಗೆ. ವಾರ್ನಿಷ್ ಹಚ್ಚಿದ ಮರದ, ಮೀರಜಿನ ತಂಬೂರಿಯ ಬುರುಡೆಯ ಹೊಳಪನ್ನು ಪೋಲರೈಸರ್ ಫಿಲ್ಟರ್ ಇಳಿಸುತ್ತದೆ. ಮೇಲ್ಮೈಗೆ ಲಂಬದಿಂದ ಸುಮಾರು 55 ಡಿಗ್ರಿ ಓರೆಯಲ್ಲಿ ಅದರ ಕೆಲಸ ಅತ್ಯುತ್ತಮ. ಬದಲಿಗೆ ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧ) ಬೆಳಕು ನುಂಗುತ್ತದೆ. ಹಿತ್ತಾಳೆ ಮೆಟ್ಟಿಲು, ಜಾಗಟೆ, ಚಕ್ರತಾಳಕ್ಕೆ ಅದು ನಾಟುವುದಿಲ್ಲ. ಲೋಹ ಎದುರಿಗೆ ಇದ್ದದ್ದನ್ನೇ ತೋರಿಸುವ ಕನ್ನಡಿ, ಎದುರಿಗೆ ಬಿಳಿ ಮುಂಡು ಇದ್ದರೆ ಬಿಳಿ, ನೀವು ಇದ್ದರೆ ನೀವು. ಫೋಟೋಕ್ಕೆಂದು ಜಾಗಟೆಗೆ ಹುಣಸೆಹುಳಿ ಹಾಕಿ ತಿಕ್ಕಬೇಡಿ, ಹಳೆಯ ಕಪ್ಪೇ ಅದರ ಗುರುತು. ಮದ್ದಳೆಯ ಮುಚ್ಚಿಗೆಯಲ್ಲಿ ಬಿಳಿ ಚರ್ಮ, ಕಪ್ಪು ಕರ್ಣ (ನಡುವೆ ಹಚ್ಚಿದ ಕಪ್ಪು ಲೇಪ) ಎರಡೂ ಒಟ್ಟಿಗೆ ಇವೆ. ಬಿಳಿ ಸುಟ್ಟುಹೋಗದಂತೆ ಎಕ್ಸ್‌ಪೋಶರ್ ಹಿಡಿಯಿರಿ, ಕಪ್ಪನ್ನು ರಾ ಕಡತದಿಂದ ಎತ್ತಿಕೊಳ್ಳಬಹುದು. ಸುಟ್ಟ ಬಿಳಿ ಮರಳಿ ಬರುವುದಿಲ್ಲ. ಕೊನೆಗೊಂದು ಫೋಟೋವನ್ನು ಒಂದೇ ದೀಪವನ್ನು 10–15 ಡಿಗ್ರಿ ಓರೆಯಲ್ಲಿ, ಮೇಲ್ಮೈಗೆ ಸವರಿದಂತೆ ಹಿಡಿದು ತೆಗೆಯಿರಿ. ಅಂದವಿರುವುದಿಲ್ಲ, ಆದರೆ ಬಿರುಕು, ತೇಪೆ, ಬಿಟ್ಟ ಅಂಟು ಎಲ್ಲ ಎದ್ದು ಕಾಣುತ್ತವೆ.

ಹಳೆಯ ಮಾಲು ಕೊಳ್ಳುವಾಗ ನೋಡಬೇಕಾದ್ದು ಇಷ್ಟು. ಶಟರ್ ಎಷ್ಟು ಸಲ ಬಿದ್ದಿದೆ ಎಂದು ಕೇಳಿ. ಡಿ5300ರಂಥ ಕ್ಯಾಮೆರಾಕ್ಕೆ ಕಂಪೆನಿ ಹೇಳುವ ಆಯುಸ್ಸು ಒಂದು ಲಕ್ಷ ಸಲ. ನಿಕಾನಿನ ಫೋಟೋ ಕಡತದೊಳಗೇ ಆ ಲೆಕ್ಕ ಇರುತ್ತದೆ, ಕ್ಯಾನನಿನ ಹೆಚ್ಚಿನ ಮಾದರಿಗಳಲ್ಲಿ ಇರುವುದಿಲ್ಲ. ಎಫ್/16ಕ್ಕೆ ಇಟ್ಟು, ಫೋಕಸ್ ತಪ್ಪಿಸಿ, ಬಿಳಿ ಗೋಡೆಯನ್ನು ತೆಗೆದರೆ ಸೆನ್ಸರಿನ ಧೂಳು ಕಾಣುತ್ತದೆ. ಧೂಳಿಗೆ ಹೆದರಬೇಡಿ, ಅದು ಹೋಗುತ್ತದೆ. ಹೆದರಬೇಕಾದ್ದು ಬೂಷ್ಟಿಗೆ. ಮಳೆಗಾಲದ ನಾಲ್ಕು ತಿಂಗಳು ನಮ್ಮಲ್ಲಿ ಬೀರುವಿನ ಬಟ್ಟೆಯೇ ಬೂಷ್ಟು ಹಿಡಿಯುವಾಗ ಚರ್ಮದ ಚೀಲದೊಳಗಿನ ಲೆನ್ಸು ಉಳಿದೀತೇ? ಗಾಳಿಯ ತೇವ 60–70 ಶೇಕಡಾ ದಾಟಿ ನಿಂತರೆ ಗಾಜಿನ ಮೇಲೆ ಅದು ಬೇರುಬಿಡುತ್ತದೆ, ಬಹಳ ದಿನ ಬಿಟ್ಟರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ಬಿಗಿಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅರ್ಧ ಕಿಲೋ ಸಿಲಿಕಾ ಜೆಲ್, ಒಳಗೊಂದು ತೇವಮಾಪಕ. 40ರಿಂದ 50 ಶೇಕಡಾ ತೋರಿಸಬೇಕು. ಬಣ್ಣ ಬದಲಾದ ಜೆಲ್ಲನ್ನು 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಇರುವ ಕಾರಣ ಅಡುಗೆಯ ಪಾತ್ರೆಯಲ್ಲಿ ಬೇಡ, ಕಿತ್ತಳೆ ಬಣ್ಣದ್ದು ಕೊಳ್ಳಿ. ಡಬ್ಬಿ ದೊಡ್ಡದುಂಟು ಎಂದು ತಂತಿವಾದ್ಯವನ್ನೋ ಮದ್ದಳೆಯನ್ನೋ ಅದೇ ಒಣಹವೆಗೆ ಸೇರಿಸಬೇಡಿ, ಮರ ಸೀಳೀತು. ಎಸಿ ಕಾರಿನಿಂದ ಇಳಿಸಿದ ಕ್ಯಾಮೆರಾವನ್ನು ಅರ್ಧ ಗಂಟೆ ಚೀಲದಲ್ಲೇ ಬಿಡಿ, ಇಲ್ಲದಿದ್ದರೆ ಗಾಜಿನ ಮೇಲೆ ನೀರು ಕೂರುತ್ತದೆ.

ಈ ಮೇಜಿನ ಮೇಲೆ ಎರಡು ಹಳೆಯ ಲೆನ್ಸು ಇಟ್ಟಿದೆ, ಪಕ್ಕದಲ್ಲಿ ಟಾರ್ಚು. ಕಂಡಿ ಪೂರ್ತಿ ತೆರೆದು, ಹಿಂದಿನಿಂದ ಬೆಳಕು ಬಿಟ್ಟು, ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಿ. ಒಂದರಲ್ಲಿ ಜೇಡನ ಬಲೆಯ ಎಳೆಯಂಥದ್ದು ಕಾಣುತ್ತದೆ. ಯಾವುದರಲ್ಲಿ ಎಂದು ಚಹಾ ಕುಡಿಯುವ ಮೊದಲು ಎಲ್ಲರೂ ಒಮ್ಮೆ ಹುಡುಕಿ.